ಹಗಲಲ್ಲಿ ನೀರು ಕುಡಿಯದ ಲಕ್ಷ್ಮೀದೇವಮ್ಮ

ಹಳೆಯ ಕಾಲ ಚೆನ್ನಾಗಿತ್ತು ಎಂದು ಯಾರಾದರೂ ಮಾತು ತೆಗೆದರೆ ನನಗೆ ಮೈ ಉರಿಯುತ್ತದೆ. ರಾಗಿ ಗಟ್ಟಿಯಾಗಿತ್ತು, ಹಾಲು ಮಂದವಾಗಿತ್ತು, ಗಾಳಿ ಚೊಕ್ಕವಾಗಿತ್ತು ಎಂದು ಒಂದೊಂದಾಗಿ ಎಣಿಸುತ್ತಾ ಹೋಗುತ್ತಾರೆ. ಎಣಿಸುವವರೆಲ್ಲ ಗಂಡಸರೇ. ಹೆಂಗಸು ಹಾಗೆ ಹೇಳಿದ್ದನ್ನು ನಾನು ಕೇಳಿಲ್ಲ. ಹೇಳಿದ್ದರೆ ಅವಳ ಮನೆಯ ಹಿತ್ತಿಲಲ್ಲಿ ಕಕ್ಕಸು ಇದ್ದಿರಬೇಕು.

ನಾನು ಹೇಳಹೊರಟಿರುವುದು ನನ್ನ ಓರಗಿತ್ತಿ ಲಕ್ಷ್ಮೀದೇವಮ್ಮನ ವಿಷಯ. ನನ್ನ ಗಂಡ ವೆಂಕಟರಮಣಪ್ಪನ ಅಣ್ಣನ ಹೆಂಡತಿ ಅವಳು, ನನಗೆ ಅಕ್ಕ. ಅವಳು ಜನ ನೆನಪಿಟ್ಟುಕೊಳ್ಳುವಂಥ ದೊಡ್ಡ ಕೆಲಸ ಯಾವುದನ್ನೂ ಮಾಡಲಿಲ್ಲ. ಊರು ಬಿಟ್ಟು ಹೋದದ್ದೆಂದರೆ ಒಂದು ಸಲ ಶಿವಗಂಗೆಗೆ, ಹರಕೆ ತೀರಿಸಲು. ಉಳಿದಂತೆ ಅವಳ ಆಯಸ್ಸಿನ ದೊಡ್ಡ ಪಾಲು ಕಳೆದದ್ದು ಕತ್ತಲಾಗುವುದನ್ನು ಕಾಯುವುದರಲ್ಲಿ.

ಯುದ್ಧ ಶುರುವಾಗಿ ಒಂದೆರಡು ವರ್ಷ ಆಗಿತ್ತು, ನಾನು ಆ ಮನೆಗೆ ಸೊಸೆಯಾಗಿ ಹೋದಾಗ. ಹಳ್ಳಿ ಇದ್ದದ್ದು ದೇವನಹಳ್ಳಿಯಿಂದ ಬೂದಿಗೆರೆಗೆ ಹೋಗುವ ರಸ್ತೆಯ ಪಕ್ಕದಲ್ಲಿ. ನಮ್ಮಪ್ಪ ಹೊಸಕೋಟೆಯಲ್ಲಿ ಉಪಾಧ್ಯಾಯರು. ಬಾಡಿಗೆ ಮನೆಯ ಹಿಂದೆ ತಗಡಿನ ಬಾಗಿಲಿನ ಒಂದು ಕಕ್ಕಸು ಇತ್ತು. ಅದನ್ನು ಹಿಂದಿನ ಕಿಂಡಿಯಿಂದ ಬಳಿದು ಬುಟ್ಟಿಯಲ್ಲಿ ಹೊತ್ತುಕೊಂಡು ಹೋಗಲು ಒಬ್ಬ ಮುದುಕಿ ಬರುತ್ತಿದ್ದಳು. ಅವಳ ಪಾಡು ಬೇರೆಯೇ ಒಂದು ಕಥೆ. ಗಂಡನ ಮನೆಯಲ್ಲಿ ಅಂಥದ್ದು ಇರುವುದಿಲ್ಲ ಎಂದು ನನಗೆ ಯಾರೂ ಹೇಳಿರಲಿಲ್ಲ. ಹೇಳುವ ಮಾತೇ ಅಲ್ಲ ಅದು. ಅಡಿಗೆ ಹೇಗೆ, ಅತ್ತೆಯ ಮುಂದೆ ತಗ್ಗಿ ಬಗ್ಗಿ ನಡೆಯುವುದು ಹೇಗೆ ಎಂದೆಲ್ಲ ಹೇಳಿ ಕಳಿಸಿದ ನನ್ನ ತಾಯಿ, ಇದೊಂದನ್ನು ನುಂಗಿಕೊಂಡಿದ್ದಳು.

ಗಾಡಿಯಿಂದ ಇಳಿದು ಮನೆ ತುಂಬಿಸಿಕೊಳ್ಳುವ ಶಾಸ್ತ್ರ ಮುಗಿಯುವ ಹೊತ್ತಿಗೆ ನೆತ್ತಿಯ ಮೇಲೆ ಬಿಸಿಲು. ನನಗೆ ಗಂಟಲು ಒಣಗಿ ಹೋಗಿತ್ತು. ಅಡಿಗೆಮನೆಯ ಮೂಲೆಯಲ್ಲಿ ನೀರಿನ ಗುಡಾಣ ಕಾಣಿಸಿತು. ಹಿತ್ತಾಳೆ ಚೊಂಬಿನಲ್ಲಿ ಮೊಗೆದು ಎತ್ತಿ ಕುಡಿಯುತ್ತಿದ್ದೆ. ಅರ್ಧವೂ ಆಗಿರಲಿಲ್ಲ, ಹಿಂದಿನಿಂದ ಒಂದು ಕೈ ಬಂದು ಚೊಂಬನ್ನು ಕಿತ್ತುಕೊಂಡಿತು.

"ಹಗಲೊತ್ತು ಇಷ್ಟು ನೀರು ಕುಡೀತಾರೇನೇ? ಕುಡಿದ್ಬಿಟ್ಟು ಎಲ್ಲಿಗೆ ಹೋಗ್ತೀಯ?"

ನಾನು ಬೆಪ್ಪಾಗಿ ನಿಂತೆ. ತೆಳ್ಳಗೆ, ಎತ್ತರಕ್ಕೆ, ತುಟಿಯೆಲ್ಲ ಬಿರುಕು ಬಿಟ್ಟ ಹೆಂಗಸು, ನನ್ನ ಓರಗಿತ್ತಿ. ಮೊದಲ ದಿನವೇ ಕುಡಿಯುವ ನೀರಿಗೂ ಅಡ್ಡ ಬರುವವಳು ಸಿಕ್ಕಿದಳಲ್ಲ ಎಂದು ಅಳು ಬಂತು. ಅವಳು ಚೊಂಬನ್ನು ಕೆಳಗಿಟ್ಟು ನನ್ನ ಗಲ್ಲ ಹಿಡಿದು, ದನಿ ತಗ್ಗಿಸಿ ಹೇಳಿದಳು.

"ಅಳಬ್ಯಾಡ ಕಣಮ್ಮಿ. ಬಾಯಿ ಮುಕ್ಕಳಿಸಿ ಉಗುದ್ಬಿಡು. ದೀಪ ಹಚ್ಚೋ ಹೊತ್ಗೆ ಬೇಕಾದಷ್ಟು ಕುಡೀವಂತೆ. ನಾನೇ ಕೊಡ್ತೀನಿ."

ಅವಳ ಮಾತಿನ ಅರ್ಥ ನನಗೆ ಆದದ್ದು ಆವತ್ತಿನ ಇಳಿಹೊತ್ತಿನಲ್ಲಿ. ಕುಡಿದಷ್ಟು ನೀರು ತನ್ನ ಕೆಲಸ ಮಾಡಿತ್ತು. ನಾನು ಮಣೆಯ ಮೇಲೆ ಕಾಲಿಗೆ ಕಾಲು ಒತ್ತಿಕೊಂಡು ಕೂತು, ಬಂದವರಿಗೆಲ್ಲ ನಮಸ್ಕಾರ ಮಾಡುತ್ತಾ, ಸೂರ್ಯನಿಗೆ ಶಾಪ ಹಾಕುತ್ತಿದ್ದೆ. ಮದುವಣಗಿತ್ತಿ ಎಷ್ಟು ನಾಚಿಕೆಯವಳು, ತಲೆಯೇ ಎತ್ತುವುದಿಲ್ಲ ಎಂದು ಎಲ್ಲರೂ ಹೊಗಳಿದರು.

ಬಚ್ಚಲು ಇರಲಿಲ್ಲವೇ ಎಂದು ಕೇಳುತ್ತೀರಿ. ಇತ್ತು. ಮನೆಯೊಳಗೆ ಹಂಡೆಯ ಪಕ್ಕ ಒಂದು ಕಲ್ಲು ಚಪ್ಪಡಿ. ಅದರ ನೀರು ಗೋಡೆಯ ತೂತಿನಿಂದ ಹೊರಬಿದ್ದು ಹರಿಯುತ್ತಿದ್ದದ್ದು ಬೀದಿ ಜಗಲಿಯ ಮುಂದೆ. ಆ ಜಗಲಿಯ ಮೇಲೆ ಹಗಲೆಲ್ಲ ನಮ್ಮ ಭಾವನೋ, ಅವರನ್ನು ನೋಡಲು ಬಂದವರೋ ಕೂತಿರುತ್ತಿದ್ದರು. ಹೊತ್ತಲ್ಲದ ಹೊತ್ತಿನಲ್ಲಿ ಅಲ್ಲಿ ನೀರು ಹರಿದರೆ ನಮ್ಮತ್ತೆ ಪಿಳ್ಳಮ್ಮನವರು ನಡುಮನೆಯಿಂದಲೇ "ಯಾರೇ ಅದು?" ಎಂದು ಕೂಗುತ್ತಿದ್ದರು. ಕೊಟ್ಟಿಗೆಯಲ್ಲಿ ಆಳುಗಳು. ಹಿತ್ತಿಲಲ್ಲಿ ಬಾವಿ, ಬಾವಿಯ ಹತ್ತಿರ ನೆರೆಮನೆಯ ಗಂಡಸರು. ಇಷ್ಟು ದೊಡ್ಡ ಮನೆ, ಇಷ್ಟು ಜಮೀನು, ಒಬ್ಬ ಹೆಂಗಸು ಹಗಲಲ್ಲಿ ಕೂರಲು ಒಂದು ಗೇಣು ಮರೆ ಇರಲಿಲ್ಲ.

ಮರೆ ಇದ್ದದ್ದು ಊರಾಚೆ. ಊರಿಗೂ ರಸ್ತೆಗೂ ನಡುವೆ ಗೋಮಾಳದ ಒಂದು ಬೀಳು, ಅದರ ಉದ್ದಕ್ಕೂ ಯಾವ ಕಾಲದವರೋ ನೆಟ್ಟ ಕತ್ತಾಳೆ ಬೇಲಿ. ಆಳೆತ್ತರ ಬೆಳೆದು ಒಂದಕ್ಕೊಂದು ಹೆಣೆದುಕೊಂಡಿತ್ತು. ಅದರ ಹಿಂದಿನ ಜಾಗ ಹೆಂಗಸರದು. ಗಂಡಸರಿಗೆ ಕೆರೆಯಂಗಳ ಇತ್ತು, ಅವರಿಗೆ ಹೊತ್ತು ಗೊತ್ತು ಯಾವುದೂ ಇರಲಿಲ್ಲ. ನಮಗೆ ಎರಡೇ ಹೊತ್ತು, ಕೋಳಿ ಕೂಗಿ ಮುಖ ಕಾಣಿಸುವ ಮೊದಲು ಮತ್ತು ದೀಪ ಹಚ್ಚಿದ ಮೇಲೆ. ಹಿತ್ತಿಲ ಬಾಗಿಲ ಹಿಂದೆ ಸೊಟ್ಟಗಾದ ತಗಡಿನ ಚೊಂಬುಗಳು ಸಾಲಾಗಿರುತ್ತಿದ್ದವು. ಅವು ಬಯಲ ಚೊಂಬುಗಳು, ಅಡಿಗೆಮನೆಗೆ ಬರುವಂತಿಲ್ಲ. ಅವನ್ನು ಸೆರಗಿನೊಳಗೆ ಮುಚ್ಚಿಕೊಂಡು, ಎದುರುಮನೆಯ ಸಪ್ಪಲಮ್ಮ, ಅವಳ ಪಕ್ಕದವರು, ನಾವು, ಗುಂಪಾಗಿ ಹೋಗುತ್ತಿದ್ದೆವು. ಆ ಹೊತ್ತಿನಲ್ಲಿ ಆ ಕಡೆ ಯಾವ ಗಂಡಸೂ ಕಾಲಿಡುತ್ತಿರಲಿಲ್ಲ, ತಿರುಗಿಯೂ ನೋಡುತ್ತಿರಲಿಲ್ಲ. ಅಷ್ಟರ ಮಟ್ಟಿಗೆ ನಮ್ಮೂರಿನವರು ಮರ್ಯಾದಸ್ಥರು. ಆ ಮರ್ಯಾದೆಯೇ ಮುಂದೆ ನಮಗೆ ಮುಳುವಾಯಿತು.

ಎಲ್ಲರಿಗೂ ಕಷ್ಟವೇ. ಆದರೆ ಅಕ್ಕ ಅದನ್ನು ಒಂದು ವ್ರತದ ಹಾಗೆ ನಡೆಸುತ್ತಿದ್ದಳು. ಬೆಳಗಿನ ಜಾವ ಬಂದವಳು ಸಂಜೆಯವರೆಗೆ ನೀರು ಮುಟ್ಟುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರಿಗೂ ಮುದ್ದೆ ಬಡಿಸಿ, ತಾನು ಸಾರು ಹಾಕಿಕೊಳ್ಳದೆ ಬರೀ ಕಾಳಿನ ಜೊತೆ ನುಂಗುತ್ತಿದ್ದಳು. ಮಜ್ಜಿಗೆ ಕಡೆಯುವವಳು ಅವಳೇ, ಕುಡಿಯುತ್ತಿರಲಿಲ್ಲ. ಬೇಸಗೆಯಲ್ಲಿ ಕಣದ ಕೆಲಸದ ಹೊತ್ತಿಗೆ ಆಳುಗಳಿಗೆಲ್ಲ ಬಾನಿಗಟ್ಟಲೆ ಪಾನಕ ಬೆರೆಸಿ ಕೊಟ್ಟು, ಒಣಗಿದ ನಾಲಿಗೆಯಿಂದ ತುಟಿ ಸವರಿಕೊಳ್ಳುವಳು. ದಿನಾ ಬಾವಿಯಿಂದ ಮನೆಮಂದಿಗೆ, ದನಕ್ಕೆ, ಸ್ನಾನಕ್ಕೆ ನೀರು ಸೇದಿ ಸೇದಿ ಅಂಗೈಯಲ್ಲಿ ಬೊಕ್ಕೆಗಳೆದ್ದಿದ್ದವು. ನೀರಿನ ಜೊತೆಯೇ ಬದುಕಿ ಬಾಯಾರಿಕೊಂಡಿದ್ದವಳು ಅವಳು.

"ಸ್ವಲ್ಪ ಕುಡಿ ಅಕ್ಕಾ" ಎಂದರೆ, "ಕುಡಿಯೋದೇನೋ ಸುಲಭ" ಎನ್ನುತ್ತಿದ್ದಳು. ಅದಕ್ಕಿಂತ ಹೆಚ್ಚು ಮಾತಿಲ್ಲ. ಅವಳು ಮಾತಾಡಲೂ ಸುಸ್ತಾದವಳ ಹಾಗೆ ಇರುತ್ತಿದ್ದಳು. ನಾನು ವಟಗುಟ್ಟುವವಳು. ಅತ್ತೆಯ ಮೇಲೆ, ಹಾಳು ಹಳ್ಳಿಯ ಮೇಲೆ, ನನ್ನನ್ನು ಇಲ್ಲಿಗೆ ಕೊಟ್ಟ ಅಪ್ಪನ ಮೇಲೆ ರೇಗುತ್ತಿದ್ದೆ. ಅವಳು ಎಲ್ಲ ಕೇಳಿ, "ಬಾ, ನುಚ್ಚು ಕೇರೋದೈತೆ" ಎನ್ನುವಳು.

ಯುದ್ಧ ಜೋರಾಗಿದ್ದ ಒಂದು ವರ್ಷ ದೊಡ್ಡಬಳ್ಳಾಪುರದ ಕಡೆಯಿಂದ ಒಬ್ಬ ಹಗ್ಗದ ಕಂಟ್ರಾಕ್ಟರು ಬಂದ. ಪಟಾಲಮ್ಮಿಗೆ, ಅಂದರೆ ಮಿಲಿಟರಿಗೆ, ಹಗ್ಗ ಬೇಕಂತೆ, ಕತ್ತಾಳೆ ನಾರಿಗೆ ಒಳ್ಳೆಯ ಬೆಲೆ ಬಂದಿದೆಯಂತೆ. ಅರಳಿಕಟ್ಟೆಯ ಮೇಲೆ ಊರ ಹಿರಿಯರು ಕೂತರು. ಅವರಲ್ಲಿ ನಮ್ಮ ಭಾವ ರಾಮಾಂಜಿನಪ್ಪನವರೇ ಮುಂದು. ಬೀಳಿನ ಬೇಲಿ ಯಾರ ಸ್ವಂತದ್ದೂ ಅಲ್ಲ, ಸುಮ್ಮನೆ ನಿಂತಿದೆ, ಅದನ್ನು ಕೊಟ್ಟರೆ ಆಂಜನೇಯನ ಗುಡಿಗೆ ಸುಣ್ಣ ಹೊಡೆಸಬಹುದು, ಜಾಗ ಹಸನು ಮಾಡಿ ಹುರುಳಿ ಚೆಲ್ಲಬಹುದು ಎಂದು ಮಾತಾಯಿತು. ಅಲ್ಲಿ ಕೂತಿದ್ದವರೆಲ್ಲ ಹೆಂಡಿರು ಮಕ್ಕಳು ಇದ್ದವರೇ. ಆ ಬೇಲಿಯ ಹಿಂದೆ ಏನು ನಡೆಯುತ್ತದೆ ಎಂದು ಒಬ್ಬರಿಗೂ ಹೊಳೆಯಲಿಲ್ಲ. ಮರ್ಯಾದೆಗೆಂದು ಹುಟ್ಟಿದಾಗಿನಿಂದ ಆ ಕಡೆ ನೋಡದೆ ಇದ್ದವರು, ಆ ಕಡೆ ಏನಿದೆ ಎನ್ನುವುದನ್ನೇ ಮರೆತಿದ್ದರು.

ಆವತ್ತು ಊಟಕ್ಕೆ ಕೂತಾಗ ಭಾವ ಈ ವಿಷಯ ಹೇಳಿದರು. ಬಡಿಸುತ್ತಿದ್ದ ಅಕ್ಕನ ಕೈ ನಿಂತಿತು.

"ಆ ಬೇಲಿ ಇರ್ಲಿ ಬಿಡಿ" ಎಂದಳು.

"ಯಾಕೆ?"

ನಡುಮನೆಯಲ್ಲಿ ಅತ್ತೆ ಇದ್ದರು. ಪಕ್ಕದಲ್ಲಿ ಮೈದುನ, ಅಂದರೆ ನನ್ನ ಗಂಡ, ಊಟ ಮಾಡುತ್ತಿದ್ದ. ಅಕ್ಕನ ಬೆಳೆದ ಮಗ ಅಪ್ಪಯ್ಯಣ್ಣ ಇದ್ದ. ಅಕ್ಕ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

"ದನ ನುಗ್ತಾವೆ" ಎಂದಳು ಕೊನೆಗೆ.

"ನುಗ್ಗಿ ತಿನ್ನೋಕೆ ಅಲ್ಲೇನೈತೆ? ಕಲ್ಲು ತಿಂತಾವಾ?" ಭಾವ ನಕ್ಕರು. ನನ್ನ ಗಂಡನೂ ನಕ್ಕ. ಮಾತು ಮುಗಿಯಿತು.

ಹೇಳಿದರೆ ಮಾನ ಹೋಗುತ್ತೆ, ಹೇಳದಿದ್ದರೆ ಪ್ರಾಣ ಹೋಗುತ್ತೆ ಎನ್ನುವುದು ಇಂಥದ್ದಕ್ಕೇ. ನಾವಿಬ್ಬರೇ ಇದ್ದಾಗ ನನ್ನ ಗಂಡನಿಗೆ ಬಿಡಿಸಿ ಹೇಳಿದೆ. ಅವನು ಕಿವಿಯವರೆಗೆ ಕೆಂಪಾಗಿ, "ಇದನ್ನ ಅಣ್ಣನ ಹತ್ರ ನಾನು ಹೆಂಗೆ ಹೇಳ್ಲಿ? ಅತ್ತಿಗೆ ವಿಷ್ಯ ಅಲ್ವಾ?" ಎಂದು ಮಗ್ಗುಲು ತಿರುಗಿ ಮಲಗಿದ. ಕೊಡಲಿ ಹಿಡಿದ ಆಳುಗಳು ಬಂದರು. ಕತ್ತಾಳೆಯನ್ನು ಬುಡಸಮೇತ ಕಿತ್ತು ಗಾಡಿಗೆ ಹೇರಿಕೊಂಡು ಹೋದರು. ಗುಡಿಗೆ ಸುಣ್ಣ ಆಯಿತು. ಹುರುಳಿ ಚೆಲ್ಲಿದರು, ಅದು ಹುಟ್ಟಲೂ ಇಲ್ಲ.

ಆಮೇಲಿನ ದಿನಗಳನ್ನು ನೆನೆಸಿಕೊಂಡರೆ ಈಗಲೂ ಮಂಡಿ ನೋಯುತ್ತದೆ. ಬೀಳು ಅಂಗೈ ಹಾಗೆ ಬಟಾಬಯಲು. ಅದರ ಪಕ್ಕದಲ್ಲೇ ರಸ್ತೆ, ರಸ್ತೆಯ ಮೇಲೆ ಬೆಳಗಿನ ಜಾವಕ್ಕೇ ಮಿಲಿಟರಿ ಲಾರಿಗಳು. ದೀಪಗಳಿಗೆ ಅರ್ಧ ಕಪ್ಪು ಬಳಿದಿದ್ದರೂ ಬೆಳಕು ನಮ್ಮ ಮೇಲೆ ಬೀಳುತ್ತಿತ್ತು. ದೂರದಲ್ಲಿ ಗುರ್ ಎಂದರೆ ಸಾಕು, ಎಲ್ಲರೂ ಎದ್ದು ನಿಲ್ಲಬೇಕು, ಬೆನ್ನು ತಿರುಗಿಸಬೇಕು. ಹೋಯಿತು ಎಂದು ಕೂತರೆ ಮತ್ತೊಂದು. ಸಪ್ಪಲಮ್ಮ ಬಾಯಿಗೆ ಬಂದಂತೆ ಬೈಯುವಳು, "ಇವರ ಯುದ್ಧ ಮಣ್ಣಾಗಾ! ನಮ್ಗೆ ಕೂರೋಕೂ ಬಿಡಲ್ವಲ್ಲೋ!" ಮೊದಮೊದಲು ನಗು ಬರುತ್ತಿತ್ತು. ಆಮೇಲೆ ನಗುವುದಕ್ಕೂ ಯಾರಿಗೂ ತ್ರಾಣವಿರಲಿಲ್ಲ. ಹಳ್ಳದವರೆಗೆ ನಡೆದು ಹೋಗಲು ಶುರು ಮಾಡಿದೆವು. ಅದು ದೂರ, ದಾರಿಯಲ್ಲಿ ಜಾಲಿ ಮುಳ್ಳು, ಹಾವಿನ ಭಯ. ಹೋಗಿ ಬರುವುದರಲ್ಲಿ ಬೆಳಗಾಗಿ, ಒಲೆ ಹಚ್ಚುವುದು ತಡವಾಗಿ, ಅತ್ತೆಯ ಬೈಗುಳ. ಅತ್ತೆಗೆ ಮಾತ್ರ ವಯಸ್ಸಾಗಿದೆ ಎಂದು ಕೊಟ್ಟಿಗೆಯ ಮೂಲೆಯಲ್ಲಿ ಬೂದಿ ಹಾಕಿ ವ್ಯವಸ್ಥೆ ಮಾಡಿದ್ದೆವು. ಅದನ್ನು ಎತ್ತಿ ತಿಪ್ಪೆಗೆ ಹಾಕುವವಳೂ ಅಕ್ಕನೇ.

ಅಕ್ಕ ಊಟವನ್ನೂ ಅರ್ಧಕ್ಕೆ ಇಳಿಸಿದಳು. ಬೆಳಗ್ಗೆ ಹಳ್ಳಕ್ಕೆ ಹೋಗಿ ಬಂದರೆ ಆಯಿತು, ಸಂಜೆ ಕೆಲವು ದಿನ ಹೋಗುತ್ತಲೇ ಇರಲಿಲ್ಲ. "ಆಗಲ್ಲ ಕಣೇ, ಕಾಲು ಬರಲ್ಲ" ಎನ್ನುವಳು. ಆದ್ದರಿಂದ ಸಂಜೆಯ ನೀರೂ ನಿಂತಿತು.

ಮುಂದಿನ ಬೇಸಗೆಯಲ್ಲಿ ಅವಳಿಗೆ ಉರಿಮೂತ್ರ ಹತ್ತಿತು. ಮೊದಲು ಯಾರಿಗೂ ಹೇಳಲಿಲ್ಲ. ಹೊಟ್ಟೆಯ ಕೆಳಗೆ ಕೈ ಒತ್ತಿಕೊಂಡು ಒಲೆಯ ಮುಂದೆ ಕೂತಿರುವಳು. ಆಮೇಲೆ ಚಳಿಜ್ವರ. ಬೂದಿಗೆರೆಯಿಂದ ಪಂಡಿತರನ್ನು ಕರೆಸಿದರು. ಅವರು ನಾಡಿ ನೋಡಿ, ಕಣ್ಣು ನೋಡಿ, "ಈಯಮ್ಮನ ಒಳಗೆಲ್ಲ ಒಣಗೋಗಿದೆ. ಔಷಧಿ ನಾನು ಕೊಡ್ತೀನಿ, ಆದ್ರೆ ಹಗಲೆಲ್ಲ ನೀರು ಕುಡೀಬೇಕು. ಎಳನೀರು, ಬಾರ್ಲಿ ಗಂಜಿ, ಏನಾದ್ರೂ ಸರಿ. ಕುಡೀದಿದ್ರೆ ಉಳಿಯಲ್ಲ ರಾಮಾಂಜಿನಪ್ಪಾ" ಎಂದು ಸ್ಪಷ್ಟವಾಗಿ ಹೇಳಿ ಹೋದರು.

ನಮ್ಮ ಭಾವ ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ಬೈದುಕೊಂಡಾದರೂ ಸಮಾಧಾನ ಪಡಬಹುದಿತ್ತು. ತೋಟದಿಂದ ತಾವೇ ಎಳನೀರು ಇಳಿಸಿ ತಂದು, ಕೆತ್ತಿ, ಅಕ್ಕನ ಹಾಸಿಗೆಯ ಪಕ್ಕ ಇಟ್ಟು ಹೋಗುತ್ತಿದ್ದರು. ಅವರು ಆಚೆ ಹೋದದ್ದೇ ತಡ, ಅಕ್ಕ ಅದನ್ನು ನನ್ನ ಕೈಗೆ ಕೊಡುವಳು. "ಮಕ್ಕಳಿಗೆ ಕೊಡು ಹೋಗು."

"ಅಕ್ಕಾ, ಪಂಡಿತರು ಏನಂದ್ರು ಕೇಳಿಸ್ಲಿಲ್ವಾ? ಸಾಯ್ತೀಯ!"

"ಕುಡಿದ್ರೆ ಈಗ್ಲೇ ಎಲ್ಲಿಗೆ ಹೋಗ್ಲಿ? ಹಳ್ಳಕ್ಕೆ ಹೋಗೋ ಶಕ್ತಿ ಐತಾ ನಂಗೆ?"

ಅತ್ತೆಯ ಹಾಗೆ ಕೊಟ್ಟಿಗೆಗೆ ಹೋಗು ಎಂದೆ. ಹಗಲೆಲ್ಲ ಆಳುಗಳು ಓಡಾಡುವ ಜಾಗ, ಮುದುಕಿಗೆ ನಡೆಯುತ್ತದೆ, ಮಗ ಬೆಳೆದು ನಿಂತ ಮನೆಯ ಯಜಮಾನಿಗೆ ನಡೆಯುತ್ತದೆಯೇ ಎಂದು ಅವಳ ಕಣ್ಣೇ ಕೇಳಿತು. ನನಗೆ ಅವಳ ಮೇಲೆ ಎಂಥ ಸಿಟ್ಟು ಬಂತೆಂದರೆ, ಎಳನೀರನ್ನು ಅಲ್ಲೇ ಕುಕ್ಕಿ ಎದ್ದು ಹೋದೆ.

ಒಂದು ಮಧ್ಯಾಹ್ನ ಭಾವ ಬೇಗ ಬಂದುಬಿಟ್ಟರು. ಎಳನೀರು ನನ್ನ ಪುಟ್ಟ ಮಗಳ ಬಾಯಲ್ಲಿತ್ತು. ಅವರಿಗೆ ಎಲ್ಲ ತಿಳಿದುಹೋಯಿತು, ಅಂದರೆ, ತಿಳಿಯಬೇಕಾದದ್ದೊಂದು ಬಿಟ್ಟು ಉಳಿದದ್ದೆಲ್ಲ.

"ನಿಂಗೆ ಸಾಯೋ ಆಸೆ ಆಗೈತಾ? ಮರ ಹತ್ತಿ ತಂದುಕೊಟ್ರೆ ಊರಿಗೆಲ್ಲ ಹಂಚ್ತೀಯಾ? ತಗೋ, ನನ್ನ ಕಣ್ಣೆದುರಿಗೇ ಕುಡಿ!" ಎಂದು ಗದರಿದರು. ಅವರ ಕಣ್ಣಲ್ಲಿ ನೀರಿತ್ತು. ಕೂಗು ಕೇಳಿದ ಅತ್ತೆಯೂ ಬಾಗಿಲಲ್ಲಿ ಬಂದು ನಿಂತರು. ಅಕ್ಕ ಗಂಡನ ಮುಖವನ್ನೇ ಬಹಳ ಹೊತ್ತು ನೋಡಿದಳು. ಹೇಳಿಬಿಡುತ್ತಾಳೆ ಎಂದುಕೊಂಡೆ. ಅವಳು ಎಳನೀರನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ ಪೂರ್ತಿ ಕುಡಿದಳು. ಇನ್ನೊಂದು ಕೆತ್ತಿ ಕೊಟ್ಟರು, ಅದನ್ನೂ ಕುಡಿದಳು. ಭಾವ ನಿಟ್ಟುಸಿರು ಬಿಟ್ಟು, ಗೆದ್ದವರ ಹಾಗೆ ಅರಳಿಕಟ್ಟೆಗೆ ಹೋದರು.

ಸ್ವಲ್ಪ ಹೊತ್ತಿಗೆ ಅಕ್ಕ ಗೋಡೆ ಹಿಡಿದು ಎದ್ದಳು. ಹಿತ್ತಿಲ ಬಾಗಿಲ ಹಿಂದಿನಿಂದ ತಗಡಿನ ಚೊಂಬು ತೆಗೆದುಕೊಂಡಳು. ಸೆರಗಿನಲ್ಲಿ ಮುಚ್ಚಿಕೊಳ್ಳಲಿಲ್ಲ. ಮುಂಬಾಗಿಲಿನಿಂದಲೇ ಇಳಿದು ಬೀದಿಗೆ ನಡೆದಳು. ನಾನು ಹಿಂದೆ ಓಡಿದೆ.

"ಅಕ್ಕಾ, ಎಲ್ಲಿಗೆ? ನಡು ಹಗಲು ಕಣೇ!"

"ಸಾಕಾಗೋಯ್ತು ಕಣೇ ನಂಗೆ. ತಡೆಯಕ್ಕಾಗಲ್ಲ."

ಅವಳು ಪ್ರತಿಭಟನೆ ಮಾಡಿದಳು ಎಂದು ಯಾರಾದರೂ ಬರೆದರೆ ನಾನು ಒಪ್ಪುವುದಿಲ್ಲ. ಅವಳಿಗೆ ಕೋಪ ಕೂಡ ಇರಲಿಲ್ಲ. ಕೋಪ ಮಾಡಿಕೊಳ್ಳಲೂ ಮೈಯಲ್ಲಿ ಕಸುವು ಬೇಕು. ಅರಳಿಕಟ್ಟೆಯ ಮುಂದೆಯೇ ಹಾದುಹೋದಳು, ಕೈಯಲ್ಲಿ ಚೊಂಬು ಹಿಡಿದು. ಕಟ್ಟೆಯ ಮೇಲಿನ ಮಾತು ನಿಂತುಹೋಯಿತು. ಬೇಲಿ ಇದ್ದ ಜಾಗದವರೆಗೆ ಹೋದಳು, ಅದರಾಚೆ ಹೆಜ್ಜೆ ಇಡಲು ಅವಳಿಂದ ಆಗಲಿಲ್ಲ. ಹಿಂದಿನ ಅಭ್ಯಾಸದಂತೆ ಅಲ್ಲೇ, ಬಿಸಿಲಲ್ಲಿ, ಬೋಳು ನೆಲದ ಮೇಲೆ ಕುಕ್ಕರಿಸಿದಳು.

ನನಗೆ ಬೇರೇನೂ ತೋಚಲಿಲ್ಲ. ಅವಳ ಮುಂದೆ ನಿಂತು ಸೆರಗನ್ನು ಎರಡು ಕೈಯಲ್ಲಿ ಅಗಲವಾಗಿ ಹಿಡಿದೆ. ಒಬ್ಬಳ ಸೆರಗಿನಿಂದ ಎಷ್ಟು ಮರೆಯಾದೀತು? ಬೀದಿಯಲ್ಲಿ ರಾಗಿ ಹರವುತ್ತಿದ್ದ ಸಪ್ಪಲಮ್ಮ ನೋಡಿ ಓಡಿಬಂದಳು. ಅವಳ ಹಿಂದೆ ಇನ್ನೂ ಕೆಲವರು ಬಂದರು. ಒಬ್ಬರ ಪಕ್ಕ ಒಬ್ಬರು ಸೆರಗು ಹಿಡಿದು ಸುತ್ತ ನಿಂತೆವು. ಕತ್ತಾಳೆ ನಿಂತಿದ್ದ ಗುಳಿಗಳಲ್ಲೇ ನಮ್ಮ ಕಾಲುಗಳಿದ್ದವು. ಒಳಗೆ ಅಕ್ಕ ಉರಿಗೆ ಹಲ್ಲು ಕಚ್ಚಿ ನರಳುತ್ತಿದ್ದಳು. ಅವಳಿಗೆ ಬಹಳ ಹೊತ್ತು ಬೇಕಾಯಿತು. ನಾನು ಕಟ್ಟೆಯ ಕಡೆ ನೋಡಿದೆ. ಗಂಡಸರೆಲ್ಲ ತಲೆ ತಗ್ಗಿಸಿದ್ದರು. ನಮ್ಮ ಭಾವ ಎದ್ದು ಮರದ ಕಡೆ ಮುಖ ಮಾಡಿ ನಿಂತಿದ್ದರು, ಒಂದು ಕೈ ಮರಕ್ಕೆ ಕೊಟ್ಟು.

ದೀಪ ಹಚ್ಚುವವರೆಗೆ ಅವರು ಮನೆಗೆ ಬರಲಿಲ್ಲ. ಬಂದವರು ಊಟ ಬೇಡವೆಂದರು. ಬೆಳಗಾದ ಮೇಲೆ ನೋಡಿದರೆ ಹಿತ್ತಿಲ ಬಾಳೆಗಿಡಗಳ ಪಕ್ಕದಲ್ಲಿ ಹಾರೆ ಹಿಡಿದು ಗುಂಡಿ ತೋಡುತ್ತಿದ್ದರು. ಆಳುಗಳನ್ನು ಕರೆಯಲಿಲ್ಲ. ನನ್ನ ಗಂಡ ಹೋಗಿ ಪುಟ್ಟಿ ಹಿಡಿದ. ಅಣ್ಣ ತಮ್ಮ ಇಬ್ಬರೂ ತೋಡಿದರು. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು ಎಂದು ನಾನು ಒಳಗೇ ಅಂದುಕೊಂಡೆ. ಜೋರಾಗಿ ಅನ್ನುವ ಮನಸ್ಸಾಗಲಿಲ್ಲ.

ಗುಂಡಿಯ ಮೇಲೆ ಎರಡು ಕಲ್ಲು ಚಪ್ಪಡಿ, ಸುತ್ತ ಮಣ್ಣಿನ ಗೋಡೆ, ಮೇಲೆ ತೆಂಗಿನ ಗರಿ, ಬಾಗಿಲಿಗೆ ಒಂದು ತಡಿಕೆ. ಮೂಲೆಯಲ್ಲಿ ಬೂದಿಯ ಮಂಕರಿ. ತುಂಬಿದರೆ ಮಣ್ಣು ಮುಚ್ಚಿ ಪಕ್ಕದಲ್ಲಿ ಇನ್ನೊಂದು ತೋಡುವುದು, ಯಾರೂ ಬಂದು ಬಳಿಯಬೇಕಾಗಿಲ್ಲ. ಹೊಸಕೋಟೆಯ ಆ ಮುದುಕಿಯ ಬುಟ್ಟಿ ನೆನಪಾಗಿ, ಇದು ಎಷ್ಟೋ ಮೇಲು ಅನಿಸಿತು. ಅತ್ತೆ ಮಾತ್ರ ರಂಪ ಮಾಡಿದರು. "ದೇವ್ರಿರೋ ಮನೆ ಕಣೋ! ಉಣ್ಣೋ ಕಡೆ ಹೇಲೋದಾ? ಎಲ್ಲಾದ್ರೂ ಉಂಟಾ?" ಭಾವ ತಡಿಕೆ ಕಟ್ಟುತ್ತಲೇ ಇದ್ದರು. ಆ ಮಳೆಗಾಲದಲ್ಲಿ ಅದನ್ನು ಎಲ್ಲರಿಗಿಂತ ಹೆಚ್ಚು ಬಳಸಿದವರು ಅತ್ತೆಯೇ. ಒಳಗೆ ಹೋದರೆ ಬೇಗ ಬರುತ್ತಿರಲಿಲ್ಲ. ಸಪ್ಪಲಮ್ಮ ಅದಕ್ಕೆ ಪಿಳ್ಳಮ್ಮನ ಅರಮನೆ ಎಂದು ಹೆಸರಿಟ್ಟಳು.

ಅಕ್ಕನಿಗೆ ವಾಸಿಯಾಯಿತು. ಪಂಡಿತರು ಹೇಳಿದಷ್ಟು ದಿನ ಅವಳು ಎಳನೀರು, ಗಂಜಿ, ನೀರು ಎಲ್ಲವನ್ನೂ ಕಷಾಯದ ಹಾಗೆ ಕಣ್ಣು ಮುಚ್ಚಿ ಕುಡಿದಳು. ಅದಾದ ಮೇಲೆ ನಾನು ಗಮನಿಸಿದೆ, ಹಗಲಿನ ಚೊಂಬು ಮತ್ತೆ ನಿಂತಿತು. ಬೈದೆ, ಬೇಡಿಕೊಂಡೆ. "ದಾಹ ಆಗಲ್ಲ ಕಣೇ, ಆದ್ರೆ ಕುಡಿಯಲ್ವಾ?" ಎಂದಳು. ಸುಳ್ಳಲ್ಲ ಅದು. ಅಷ್ಟು ವರ್ಷ ಬೆದರಿಸಿ ಕೂರಿಸಿದ್ದ ದಾಹ, ಈಗ ಕರೆದರೂ ಬರುತ್ತಿರಲಿಲ್ಲ. ಗಂಡ ಹೆಂಡತಿ ನಡುವೆ ಆ ಮಧ್ಯಾಹ್ನದ ಮಾತು ಒಂದು ಸಲವೂ ಬರಲಿಲ್ಲ. ಪ್ರತಿ ವರ್ಷ ಮಳೆಗೆ ಮೊದಲು ಭಾವ ತಾವೇ ಹೋಗಿ ಗರಿ ಬದಲಾಯಿಸಿ ಬರುತ್ತಿದ್ದರು, ಅಷ್ಟೇ.

ಸ್ವಾತಂತ್ರ್ಯ ಬಂದ ಮರುವರ್ಷ ಅಪ್ಪಯ್ಯಣ್ಣನ ಮದುವೆಯಾಯಿತು. ಹುಡುಗಿ ಅನುಸೂಯಮ್ಮ, ಶಿವಗಂಗೆ ಬೆಟ್ಟದ ಕೆಳಗಿನ ಹಳ್ಳಿಯವಳು. ಅಷ್ಟು ದೂರದಿಂದ ಬಂದು ಇಳಿದು, ಶಾಸ್ತ್ರವೆಲ್ಲ ಮುಗಿಯುವ ಹೊತ್ತಿಗೆ ಅದೇ ನೆತ್ತಿಯ ಮೇಲಿನ ಬಿಸಿಲು. ಹುಡುಗಿಯ ಮುಖ ಬಾಡಿತ್ತು, ತುಟಿ ಒಣಗಿ ಬಿಳಿಚಿಕೊಂಡಿತ್ತು. ಅಕ್ಕ ಅವಳನ್ನು ಅಡಿಗೆಮನೆಗೆ ಕರೆದುಕೊಂಡು ಬಂದಳು. ಗುಡಾಣದಿಂದ ಹಿತ್ತಾಳೆ ಚೊಂಬು ತುಂಬ ನೀರು ಮೊಗೆದು ಕೊಟ್ಟಳು.

"ಬ್ಯಾಡ ಅತ್ತೆ, ದಾಹ ಇಲ್ಲ" ಎಂದಳು ಹುಡುಗಿ, ತಲೆ ತಗ್ಗಿಸಿ. ಅವಳ ತಾಯಿ ನನ್ನ ತಾಯಿಗಿಂತ ಜಾಣೆ, ಎಲ್ಲ ಹೇಳಿಯೇ ಕಳಿಸಿದ್ದಳು.

ಅಕ್ಕ ಆ ಒಣಗಿದ ತುಟಿಯನ್ನೇ ನೋಡುತ್ತಾ ನಿಂತಳು. ಚೊಂಬನ್ನು ಕೆಳಗಿಟ್ಟು, ಹುಡುಗಿಯ ಕೈ ಹಿಡಿದು ಹಿತ್ತಿಲಿಗೆ ಕರೆದುಕೊಂಡು ಹೋದಳು. ತಡಿಕೆ ಬಾಗಿಲು ತೆಗೆದು ತೋರಿಸಿದಳು. ಬೂದಿ ಎಲ್ಲಿದೆ, ಒಳಗಿನಿಂದ ಅಗುಳಿ ಹಾಕುವುದು ಹೇಗೆ, ಎಲ್ಲ ಹೇಳಿದಳು.

"ಹಗಲೂ ಹೋಗ್ಬೋದು. ಯಾವಾಗ ಬೇಕಾದ್ರೂ ಹೋಗ್ಬೋದು. ಯಾರೂ ಏನೂ ಕೇಳಲ್ಲ."

ವಾಪಸು ಬಂದು ಚೊಂಬು ಕೊಟ್ಟಳು. ಅನುಸೂಯಮ್ಮ ಅದನ್ನು ಎತ್ತಿದವಳು ಇಳಿಸಲಿಲ್ಲ. ಗಟಗಟನೆ ಕುಡಿದಳು, ಗಲ್ಲದಿಂದ ಇಳಿದು ಹೊಸ ಸೀರೆ ನೆನೆಯಿತು. ಅಕ್ಕ ಅವಳ ಗಂಟಲು ಏರಿಳಿಯುವುದನ್ನು ನೋಡುತ್ತಿದ್ದಳು. ನಾನು ಚೊಂಬನ್ನು ಇಸಿದುಕೊಂಡು ಮತ್ತೆ ತುಂಬಿ, ಅಕ್ಕನ ಮುಂದೆ ಹಿಡಿದೆ.

"ಇವತ್ತಾದ್ರೂ ನೀನೂ ಕುಡಿ ಅಕ್ಕಾ. ನನ್ನಾಣೆ."

ಅವಳು ಚೊಂಬು ತೆಗೆದುಕೊಂಡಳು. ತುಟಿಯವರೆಗೂ ಒಯ್ದಳು. ಆಮೇಲೆ ಅವಳ ಕಣ್ಣು ತಾನಾಗಿ ಹಿತ್ತಿಲ ಬಾಗಿಲ ಕಡೆ, ಅಂಗಳದ ಬಿಸಿಲಿನ ಕಡೆ ಹೋಯಿತು. ಹೊತ್ತು ಎಷ್ಟಾಗಿದೆ ಎಂದು ನೋಡಿದಳು.

"ಸಂಜೆ ಕುಡೀತೀನಿ ಬಿಡು" ಎಂದು ನೀರನ್ನು ಗುಡಾಣಕ್ಕೆ ಸುರಿದು, ಬಡಿಸಲು ಎಲೆ ಹಾಕಿಸುವುದಕ್ಕೆ ನಡುಮನೆಗೆ ಹೋದಳು.